ಹಾಡುವವರು ಕೂರುವ ಮುಂಚೆ

ಮಗಳೇ, ಪೆಟ್ಟಿಗೆಯಿಂದ ದನಿ ಬರುತ್ತಿಲ್ಲ ಅಂದ ತಕ್ಷಣ ಲಿನಕ್ಸನ್ನೇ ಅಳಿಸಿ ಹೊಸದಾಗಿ ಹಾಕುವ ಚಾಳಿ ನಿನ್ನ ಓರಗೆಯವರಲ್ಲಿ ಬಹಳ ಇದೆ. ಮೊದಲು ಅದನ್ನು ಬಿಡು. ಅರ್ಧ ದಿನ ಹೋಗುತ್ತದೆ, ಹಾಳಾಗಿದ್ದ ಕೇಬಲ್ ಹಾಳಾಗಿಯೇ ಉಳಿದಿರುತ್ತದೆ. ಒಂದು ವೇಳೆ ಸರಿಹೋದರೂ ಯಾತರಿಂದ ಸರಿಹೋಯಿತು ಅನ್ನುವುದು ತಿಳಿಯುವುದಿಲ್ಲ. ಮುಂದಿನ ಸಲ ಅದೇ ತೊಂದರೆ ಬಂದರೆ ಮತ್ತೆ ಅದೇ ಅರ್ಧ ದಿನ.

ಹೊಂಗನೂರಿನ ಮನೆಯ ಹಿಂದಿನ ಕೋಣೆಯಲ್ಲಿ ಹಾಡು ಮುದ್ರಿಸಲು ನೀನು ಇಟ್ಟುಕೊಂಡಿರುವುದು ಒಂದು ಹಳೆಯ ಲ್ಯಾಪ್‌ಟಾಪ್, ಎರಡು ಮೈಕ್ ಹಾಕಬಹುದಾದ ಒಂದು ಆಡಿಯೊ ಇಂಟರ್‌ಫೇಸ್ ಪೆಟ್ಟಿಗೆ. ಚಿಕ್ಕದಾಯಿತು ಅಂತ ಅಳುಕಬೇಡ. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ಆಕಾಶವಾಣಿ ಶುರು ಮಾಡಿದ್ದು ತಮ್ಮ ಮನೆಯಿಂದ, 30 ವಾಟ್‌ನ ಪ್ರೇಷಕ ಇಟ್ಟುಕೊಂಡು. ನಿನ್ನ ಪೆಟ್ಟಿಗೆ 24 ಬಿಟ್‌ನಲ್ಲಿ ದನಿ ಹಿಡಿಯುತ್ತದೆ. ನಮ್ಮ ಸ್ಪೂಲ್ ಟೇಪಿಗೆ ಅಷ್ಟು ಕಿವಿ ಇರಲಿಲ್ಲ. ಟೇಪಿನ ಕಾಲದ ದೊಡ್ಡಪ್ಪನಿಗೆ ಲಿನಕ್ಸ್ ಏನು ಗೊತ್ತು ಅಂತ ನಗಬೇಡ ಕಣವ್ವ. ದೋಷ ಹುಡುಕುವ ಕ್ರಮ ಎರಡಕ್ಕೂ ಒಂದೇ.

ಕಾಲುವೆಯ ಕೊನೆಯ ಗದ್ದೆಗೆ ನೀರು ಬಾರದಿದ್ದರೆ ನಿಮ್ಮಪ್ಪ ಏನು ಮಾಡುತ್ತಾನೆ? ತೂಬಿನಿಂದ ಗೇಣು ಗೇಣು ನೋಡುತ್ತಾ ಬರುವುದಿಲ್ಲ. ನೇರ ನಡುದಾರಿಗೆ ಹೋಗಿ ನಿಲ್ಲುತ್ತಾನೆ. ಅಲ್ಲಿ ನೀರಿದ್ದರೆ ಕೆಳಗೆ ಹುಡುಕುತ್ತಾನೆ, ಇಲ್ಲದಿದ್ದರೆ ಮೇಲೆ. ದನಿಯೂ ಬಾಯಿಂದ ಹೊರಟು ಮೈಕ್, ಮೈಕಿನ ಕೇಬಲ್, ಪೆಟ್ಟಿಗೆ, ಯುಎಸ್‌ಬಿ ಕೇಬಲ್, ಲಿನಕ್ಸಿನ ತಿರುಳಾದ ಕರ್ನಲ್, ಆಲ್ಸಾ, ಪೈಪ್‌ವೈರ್, ಆಮೇಲೆ ಮುದ್ರಿಸುವ ತಂತ್ರಾಂಶ ಆರ್ಡರ್ ಅಥವಾ ಆಡಾಸಿಟಿ, ಹೀಗೆ ಸಾಗುತ್ತದೆ. ಈ ದಾರಿಯ ನಡುವಿನ ಜಾಗ ಪೆಟ್ಟಿಗೆಯ ಮುಖದ ಮೇಲಿರುವ ದೀಪ. ಮೈಕಿನ ಮುಂದೆ ಮಾತಾಡು. ಗೇನ್ ತಿರುಪಿನ ಸುತ್ತ ಹಸಿರು ಮಿಣುಕಿದರೆ ಮೈಕು, ಕೇಬಲ್ಲು, ಪೆಟ್ಟಿಗೆಯ ಒಳಗಿನ ಮೊದಲ ಭಾಗ ಇಷ್ಟೂ ಸರಿಯಿವೆ. ಇನ್ನು ಅವನ್ನು ಮುಟ್ಟಬೇಡ, ತೊಂದರೆ ಲ್ಯಾಪ್‌ಟಾಪಿನ ಕಡೆಗಿದೆ. ದೀಪ ಮಿಣುಕದಿದ್ದರೆ ಲಿನಕ್ಸಿನ ತಂಟೆಗೇ ಹೋಗಬೇಡ.

ದೀಪ ಮಿಣುಕದಿರುವುದಕ್ಕೆ ನಾನು ಹೆಚ್ಚಾಗಿ ಕಂಡಿರುವ ಕಾರಣ 48 ವೋಲ್ಟಿನ ಗುಂಡಿ. ಕಂಡೆನ್ಸರ್ ಮೈಕಿಗೆ ಪೆಟ್ಟಿಗೆಯಿಂದ ವಿದ್ಯುತ್ ಹೋಗಬೇಕು, ಗುಂಡಿ ಒತ್ತದೆ ಅದು ಬಾಯಿ ಬಿಡುವುದಿಲ್ಲ. ಸಭೆಗಳಲ್ಲಿ ಕೈಯಲ್ಲಿ ಹಿಡಿಯುವ ಡೈನಮಿಕ್ ಮೈಕಿಗೆ ಇದು ಬೇಡ. ಗುಂಡಿ ಒತ್ತುವ ಮುಂಚೆ ಸ್ಪೀಕರಿನ ದನಿ ಪೂರ್ತಿ ಇಳಿಸಿರು, ಹೆಡ್‌ಫೋನ್ ಕಿವಿಯಿಂದ ತೆಗೆದಿರು. ಆಗ ಬರುವ ಧಡ್ ಅನ್ನುವ ಸದ್ದು ಸ್ಪೀಕರಿಗೂ ಒಳ್ಳೆಯದಲ್ಲ, ಕಿವಿಗೂ ಅಲ್ಲ. ಗುಂಡಿ ಸರಿಯಿದ್ದೂ ದನಿಯಿಲ್ಲದಿದ್ದರೆ ಮೈಕಿನ ಕೇಬಲ್ ಬದಲಿಸಿ ನೋಡು. ಬದಲಿ ಕೇಬಲ್ ಇಲ್ಲದೆ ಯಾವ ಮುದ್ರಣಕ್ಕೂ ಮನೆ ಬಿಟ್ಟು ಹೊರಡಬಾರದು.

ಈಗ ಲ್ಯಾಪ್‌ಟಾಪಿನ ಕಡೆಗೆ ಬಾ. ಇಲ್ಲಿ ಹುಡುಗರು ಊಹೆ ಮಾಡಲು ಶುರು ಮಾಡುತ್ತಾರೆ. ಊಹೆ ಏಕೆ ಬೇಕು? ಏನಾಯಿತು ಅಂತ ಯಂತ್ರವೇ ಬರೆದಿಡುತ್ತದಲ್ಲ. ಟರ್ಮಿನಲ್ ತೆರೆ. ಸುಡೊ ಸೇರಿಸಿ ಡಿಎಂಇಎಸ್‌ಜಿ ಅಂತ ಬರೆದು, ಮುಂದೆ ಅಡ್ಡಗೆರೆ ಹಾಕಿ ಡಬ್ಲ್ಯು ಒತ್ತು. ಅದು ಕರ್ನಲ್ಲಿನ ದಿನಚರಿ, ನಡೆದದ್ದನ್ನು ನಡೆದ ಹಾಗೇ ತೋರಿಸುತ್ತಾ ಹೋಗುತ್ತದೆ. ಈಗ ಪೆಟ್ಟಿಗೆಯ ಯುಎಸ್‌ಬಿ ಕೇಬಲ್ ಕಿತ್ತು ಮತ್ತೆ ಚುಚ್ಚು. ಹೊಸ ಸಾಧನ ಬಂತು ಅಂತ ಅದರ ಹೆಸರಿನೊಂದಿಗೆ ಸಾಲುಗಳು ಮೂಡಬೇಕು. ಒಂದು ಸಾಲೂ ಮೂಡದಿದ್ದರೆ ಲ್ಯಾಪ್‌ಟಾಪಿಗೆ ಪೆಟ್ಟಿಗೆ ಬಂದದ್ದೇ ತಿಳಿದಿಲ್ಲ. ಇದಕ್ಕೆ ಅನೇಕ ಸಲ ಕಾರಣ ಫೋನ್ ಚಾರ್ಜಿಗೆ ಮಾತ್ರ ಆಗುವ ಕೇಬಲ್. ನೋಡಲು ಅದೇ ಥರ ಇರುತ್ತದೆ, ಒಳಗೆ ವಿದ್ಯುತ್ತಿನ ಎರಡು ತಂತಿ ಮಾತ್ರ, ಮಾಹಿತಿ ಸಾಗಿಸುವ ತಂತಿಗಳೇ ಇಲ್ಲ.

ಸಾಲುಗಳು ಮೂಡಿ, ಕೊನೆಯಲ್ಲಿ ಎರರ್ ಅಂತ ಒಂದು ಸಂಖ್ಯೆ ಬಂದರೆ ಅದನ್ನು ಬರೆದುಕೋ. ಮೂರು ಸಂಖ್ಯೆ ನೆನಪಿದ್ದರೆ ಸಾಕು. ಋಣ 71 ಬಂದರೆ ಪೆಟ್ಟಿಗೆಗೂ ಲ್ಯಾಪ್‌ಟಾಪಿಗೂ ನಡುವಿನ ಮಾತು ಕಲಸಿಹೋಗಿದೆ. ಕೇಬಲ್, ಪೋರ್ಟ್, ವಿದ್ಯುತ್ ಈ ಮೂರನ್ನು ನೋಡು. ಋಣ 110 ಬಂದರೆ ಕೇಳಿದ್ದಕ್ಕೆ ಪೆಟ್ಟಿಗೆ ಹೊತ್ತಿಗೆ ಸರಿಯಾಗಿ ಉತ್ತರ ಕೊಟ್ಟಿಲ್ಲ. ಋಣ 28, ಅದರ ಜೊತೆಗೆ ಬ್ಯಾಂಡ್‌ವಿಡ್ತ್ ಸಾಲದು ಅನ್ನುವ ಮಾತು ಬಂದರೆ, ಅದೇ ಯುಎಸ್‌ಬಿ ದಾರಿಯಲ್ಲಿ ಇನ್ನೇನೋ ಕೂತಿದೆ. ವೆಬ್‌ಕ್ಯಾಮ್ ಇದ್ದರೆ ಅದನ್ನು ಮೊದಲು ಕೀಳು. ಇನ್ನೊಂದು ಮಾತು. ಯುಎಸ್‌ಬಿ 2.0 ಪೋರ್ಟ್ ಕೊಡುವುದು 500 ಮಿಲಿ ಆಂಪಿಯರ್. ಪೆಟ್ಟಿಗೆ, ಎರಡು ಕಂಡೆನ್ಸರ್ ಮೈಕು, ಹೆಡ್‌ಫೋನು ಎಲ್ಲ ಅದರಲ್ಲೇ ಬದುಕಬೇಕು. ಅಂಥ ಕಡೆ ಒಂದು ಪೋರ್ಟನ್ನು ನಾಲ್ಕಾಗಿಸುವ ಅಗ್ಗದ ಹಬ್ ಸಿಕ್ಕಿಸಿ, ಅದಕ್ಕೆ ಮೌಸ್, ಪೆನ್‌ಡ್ರೈವ್, ಫೋನ್ ಎಲ್ಲ ನೇತುಹಾಕಿದರೆ 48 ವೋಲ್ಟ್ ಒತ್ತಿದ ಗಳಿಗೆಗೆ ಪೆಟ್ಟಿಗೆ ಮಾಯವಾಗುತ್ತದೆ. ಇಂಟರ್‌ಫೇಸನ್ನು ಯಾವಾಗಲೂ ಲ್ಯಾಪ್‌ಟಾಪಿಗೇ ಚುಚ್ಚು.

ಕೆಲವು ಪೆಟ್ಟಿಗೆಗಳ ಸ್ವಭಾವ ಬೇರೆ. ಫೋಕಸ್‌ರೈಟ್ ಸ್ಕಾರ್ಲೆಟ್ ಮೂರನೇ ತಲೆಮಾರಿನವನ್ನು ಹೊಸದಾಗಿ ಚುಚ್ಚಿದಾಗ ಅವು ಪೆನ್‌ಡ್ರೈವಿನ ಹಾಗೂ ಕಾಣಿಸಿಕೊಳ್ಳುತ್ತವೆ. ವಿಂಡೋಸ್, ಮ್ಯಾಕ್ ಇರುವವರಿಗೆ ನೋಂದಣಿ ಪುಟ ತೋರಿಸಲು ಹಾಗೆ ಮಾಡಿದ್ದಾರೆ. ಆ ಸ್ಥಿತಿ ದಾಟುವವರೆಗೆ ಎಲ್ಲ ಸೌಕರ್ಯ ಸಿಗುವುದಿಲ್ಲ. 48 ವೋಲ್ಟ್ ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಪೆಟ್ಟಿಗೆಗೆ ವಿದ್ಯುತ್ ಕೊಟ್ಟರೆ ದಾಟುತ್ತದೆ. ಇದು ಗೊತ್ತಿಲ್ಲದೆ ಪೆಟ್ಟಿಗೆ ಕೆಟ್ಟಿದೆ ಅಂತ ಅಂಗಡಿಗೆ ವಾಪಸು ಒಯ್ದವರಿದ್ದಾರೆ. ಆ ಸ್ಕಾರ್ಲೆಟ್‌ಗಳ ಒಳಗಿನ ಮಿಕ್ಸರನ್ನು ಲಿನಕ್ಸಿನಿಂದ ತಿರುಗಿಸಲು ಬೇಕಾದ ಕರ್ನಲ್ ಭಾಗವನ್ನು ಬರೆದವರು ಜೆಫ್ರಿ ಬೆನೆಟ್ ಅನ್ನುವ ಆಸ್ಟ್ರೇಲಿಯಾದವರು. ಅದು 2019ರ ಕೊನೆಗೆ ಬಂದ 5.4 ಕರ್ನಲ್ಲಿನಲ್ಲಿ ಎರಡನೇ ತಲೆಮಾರಿನಿಂದ ಶುರುವಾಯಿತು. ಹಳೆಯ ಕರ್ನಲ್ ಆದರೆ ಅದನ್ನು ಎಬ್ಬಿಸಲು ಒಂದು ಸಂರಚನಾ ಸಾಲು ಬರೆಯಬೇಕು, ಈಗಿನವಕ್ಕೆ ಬೇಡ. ಇನ್ನು ಯಾರಾದರೂ ಪುಕ್ಕಟೆ ಕೊಡುವ ಹಳೆಯ ಫೈರ್‌ವೈರ್ ಪೆಟ್ಟಿಗೆ ಸಿಕ್ಕರೆ ಬೇಡವೆನ್ನಬೇಡ. ತಯಾರಕರೇ ಮರೆತ ಆ ಸಂತತಿಯನ್ನು ಲಿನಕ್ಸಿನಲ್ಲಿ ಬದುಕಿಸಿಟ್ಟಿರುವವರು ಜಪಾನಿನ ತಕಾಶಿ ಸಕಾಮೊಟೊ. 2029ರವರೆಗೆ ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ನಿನ್ನ ಲ್ಯಾಪ್‌ಟಾಪಿನಲ್ಲಿ ಫೈರ್‌ವೈರ್ ಕಿಂಡಿ ಇಲ್ಲ ಅನ್ನುವುದು ಬೇರೆ ಮಾತು.

ಹೊಸದು ಕೊಳ್ಳುವ ದಿನ ಬಂದರೆ ಅಂಗಡಿಯವನನ್ನು ಲಿನಕ್ಸಿಗೆ ಆಗುತ್ತದಾ ಅಂತ ಕೇಳಬೇಡ, ಅವನಿಗೆ ಗೊತ್ತಿರುವುದಿಲ್ಲ. ಕ್ಲಾಸ್ ಕಂಪ್ಲಯಂಟ್ ಹೌದೋ ಅಲ್ಲವೋ ಅಂತ ಕೇಳು. ಅಂದರೆ ಯುಎಸ್‌ಬಿ ಆಡಿಯೊಗೆ ಎಲ್ಲರೂ ಒಪ್ಪಿಕೊಂಡ ನಿಯಮದಂತೆ ನಡೆಯುವ ಪೆಟ್ಟಿಗೆಯೋ ಅಂತ. ಬೇರೆ ಡ್ರೈವರ್ ಇಲ್ಲದೆ ಐಪ್ಯಾಡಿಗೆ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆದಿದ್ದರೆ ಬಹುಪಾಲು ಲಿನಕ್ಸಿಗೂ ಆಯಿತು.

ಕರ್ನಲ್ ಪೆಟ್ಟಿಗೆಯನ್ನು ಗುರುತಿಸಿತು ಅಂತಿಟ್ಟುಕೊ. ಮುಂದಿನ ಮೆಟ್ಟಿಲು ಆಲ್ಸಾ. 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನಲ್ಲಿನಿಂದ ಲಿನಕ್ಸಿನ ದನಿಗೆಲ್ಲ ಅದೇ ತಳಪಾಯ. ಎರೆಕಾರ್ಡ್ ಅಂತ ಬರೆದು ಅಡ್ಡಗೆರೆ, ಸಣ್ಣ ಎಲ್ ಒತ್ತಿದರೆ ದನಿ ಹಿಡಿಯಬಲ್ಲ ಕಾರ್ಡುಗಳ ಪಟ್ಟಿ ಬರುತ್ತದೆ. ಅಲ್ಲಿರುವ ಸಂಖ್ಯೆಯನ್ನು ನಂಬಬೇಡ. ಇವತ್ತು 1 ಆಗಿದ್ದ ಪೆಟ್ಟಿಗೆ ನಾಳೆ ಲ್ಯಾಪ್‌ಟಾಪ್ ಮತ್ತೆ ಹಚ್ಚಿದಾಗ 2 ಆಗಿರಬಹುದು. ಎಲ್ಲಿ ಬರೆದರೂ ಕಾರ್ಡಿನ ಹೆಸರನ್ನೇ ಬರೆ. ಆಲ್ಸಾಮಿಕ್ಸರ್ ತೆರೆದು ಎಫ್6 ಒತ್ತಿ ಕಾರ್ಡು ಆರಿಸಿಕೊಂಡು, ಎಲ್ಲಾದರೂ ಎಂ ಎಂ ಅಂತ ಇದೆಯೇ ನೋಡು. ಇದ್ದರೆ ಬಾಯಿ ಮುಚ್ಚಿಸಿದ್ದಾರೆ ಅಂತ, ಎಂ ಒತ್ತಿದರೆ ತೆರೆಯುತ್ತದೆ. ಆಮೇಲೆ ಎರೆಕಾರ್ಡಿನಿಂದಲೇ ಹತ್ತು ಸೆಕೆಂಡು ಮುದ್ರಿಸು. ದನಿ ಬಂದರೆ ಆಲ್ಸಾವರೆಗೆ ದಾರಿ ಸುಗಮ, ಉಳಿದದ್ದು ಪೈಪ್‌ವೈರೋ ಆರ್ಡರೋ. ಡಿವೈಸ್ ಬಿಜಿ ಅಂದರೆ ಗಾಬರಿಯಾಗಬೇಡ, ಪೈಪ್‌ವೈರ್ ಅದನ್ನು ಹಿಡಿದುಕೊಂಡಿದೆ ಅಷ್ಟೆ.

ಪೈಪ್‌ವೈರ್ ಬಂದ ಮೇಲೆ ನಿಮ್ಮ ಬದುಕು ಹಗುರಾಯಿತು ಕಣವ್ವ. ಮುಂಚೆ ಹಾಡು ಕೇಳಲು ಪಲ್ಸ್‌ಆಡಿಯೊ, ಕೆಲಸಕ್ಕೆ ಕೂತಾಗ ಜ್ಯಾಕ್, ಇವೆರಡರ ಜಗಳ ಬಿಡಿಸುವುದೇ ಒಂದು ಕೆಲಸವಾಗಿತ್ತು. ವಿಮ್ ಟೇಮನ್ಸ್ ಬರೆಯಲು ಹಿಡಿದ ಪೈಪ್‌ವೈರ್ ಎರಡರ ಕೆಲಸವನ್ನೂ ತಾನೇ ಮಾಡುತ್ತದೆ. 2023ರ ನವೆಂಬರಿನಲ್ಲಿ ಅದರ 1.0 ಬಂತು. ನೀನು ಮಾಡಬೇಕಾದ್ದು ಇಷ್ಟು. ಪಾವುಕಂಟ್ರೋಲ್ ತೆರೆದು ಕೊನೆಯ ಕಾನ್ಫಿಗರೇಶನ್ ಪುಟದಲ್ಲಿ ಪೆಟ್ಟಿಗೆಗೆ ಪ್ರೊ ಆಡಿಯೊ ಅನ್ನುವುದನ್ನು ಆರಿಸು. ಆಗ ಅದು ಎರಡು ಮೈಕನ್ನು ಸ್ಟೀರಿಯೊ ಅಂತ ಜೋಡಿ ಕಟ್ಟದೆ ಬೇರೆ ಬೇರೆಯಾಗಿ ಬಿಟ್ಟುಕೊಡುತ್ತದೆ. ಅಲ್ಲೇ ಲ್ಯಾಪ್‌ಟಾಪಿನ ಒಳಗಿನ ಕಾರ್ಡನ್ನು ಆಫ್ ಮಾಡಿಬಿಡು. ಹಾಡನ್ನೆಲ್ಲ ಲ್ಯಾಪ್‌ಟಾಪಿನ ಕಿಂಡಿಮೈಕಿನಲ್ಲೇ ಹಿಡಿದು, ಆಮೇಲೆ ಫ್ಯಾನಿನ ಗುರುಗುರು ಕೇಳಿ ಅತ್ತವರ ಪಟ್ಟಿ ಉದ್ದವಿದೆ. ಮೈಕನ್ನು ಉಗುರಿನಿಂದ ಮೆಲ್ಲಗೆ ತಟ್ಟಿ, ಪರದೆಯ ಮೇಲೆ ಅದೇ ಅಲೆ ಎದ್ದಿತೋ ನೋಡಿಬಿಡು. ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ದನಿ ಬಂತು, ಆದರೆ ತಂಬೂರಿಯ ಶ್ರುತಿ ಏರಿದ ಹಾಗಿದೆ, ಹಾಡುವವರು ಹುಡುಗರಾದ ಹಾಗಿದೆ ಅನ್ನಿಸಿದರೆ, ಎಲ್ಲೋ ಸ್ಯಾಂಪಲ್ ದರ 44,100ಕ್ಕೂ 48,000ಕ್ಕೂ ಅದಲುಬದಲಾಗಿದೆ. ಮೊದಲ ದರದಲ್ಲಿ ಹಿಡಿದದ್ದನ್ನು ಎರಡನೆಯದರಲ್ಲಿ ನುಡಿಸಿದರೆ ವೇಗ ನೂರಕ್ಕೆ ಸುಮಾರು 9ರಷ್ಟು ಹೆಚ್ಚಿ, ಶ್ರುತಿ ಹಾರ್ಮೋನಿಯಂನ ಒಂದೂವರೆ ಮನೆಯಷ್ಟು ಮೇಲೇರುತ್ತದೆ. ನೀನು ಹಾಡು ಕಲಿತವಳು, ಅಳತೆಯ ಉಪಕರಣಕ್ಕಿಂತ ಮುಂಚೆ ನಿನ್ನ ಕಿವಿಗೇ ತಿಳಿಯಬೇಕು. ಪಿಡಬ್ಲ್ಯು-ಟಾಪ್ ಅನ್ನುವ ಆಜ್ಞೆ ಕೊಟ್ಟರೆ ಯಾವ ಸಾಧನ ಯಾವ ದರದಲ್ಲಿ ಓಡುತ್ತಿದೆ ಅಂತ ಕಾಣುತ್ತದೆ. ಎಲ್ಲ ಕಡೆಯೂ 48,000 ಇಟ್ಟುಕೊಂಡು ಸುಮ್ಮನಿರು. 96,000ದ ಆಸೆ ಬೇಡ, ಕಡತ ಎರಡರಷ್ಟು ಊದುತ್ತದೆ, ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ಪದಕ್ಕೆ ಅದರಿಂದ ಏನೂ ಕೂಡುವುದಿಲ್ಲ.

ಅದೇ ಪಿಡಬ್ಲ್ಯು-ಟಾಪ್‌ನಲ್ಲಿ ಇಆರ್‌ಆರ್ ಅಂತ ಒಂದು ಕಾಲಮ್ ಇದೆ. ಮುದ್ರಣದಲ್ಲಿ ಟಿಕ್ ಟಿಕ್ ಅಂತ ಸದ್ದು ಬರುತ್ತಿದ್ದು, ಆ ಸಂಖ್ಯೆಯೂ ಏರುತ್ತಿದ್ದರೆ ಲ್ಯಾಪ್‌ಟಾಪಿಗೆ ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸಲು ಆಗುತ್ತಿಲ್ಲ. ಇದಕ್ಕೆ ಎಕ್ಸ್‌ರನ್ ಅನ್ನುತ್ತಾರೆ. ಇಲ್ಲಿ ನಿನ್ನ ಓರಗೆಯವರೊಂದಿಗೆ ನನ್ನದು ನೇರ ತಕರಾರು. ಒಂದು ಸಲಕ್ಕೆ ಹಿಡಿದಿಡುವ ಸ್ಯಾಂಪಲ್ಲುಗಳ ಲೆಕ್ಕವಾದ ಬಫರನ್ನು 64ಕ್ಕೆ ಇಳಿಸಿದೆ, 32ಕ್ಕೆ ಇಳಿಸಿದೆ ಅಂತ ಜಂಬ ಕೊಚ್ಚುತ್ತಾರೆ. ಯಾತಕ್ಕೆ? 48,000 ದರದಲ್ಲಿ 64 ಅಂದರೆ 1.3 ಮಿಲಿಸೆಕೆಂಡು, 1,024 ಅಂದರೆ 21 ಮಿಲಿಸೆಕೆಂಡು. ಕಂಪ್ಯೂಟರಿನೊಳಗಿನ ವಾದ್ಯವನ್ನು ಬೆರಳಿನಲ್ಲಿ ನುಡಿಸುವವರಿಗೆ ಈ ತಡ ಮುಖ್ಯ. ನೀನು ಹಿಡಿಯುವುದು ಎದುರಿಗೆ ಕೂತು ಹಾಡುವವರ ದನಿ. ಅವರು ಹೆಡ್‌ಫೋನ್ ಹಾಕಿಕೊಳ್ಳುವುದಿಲ್ಲ. ನಿನಗೆ ಕೇಳಬೇಕಾದರೆ ಪೆಟ್ಟಿಗೆಯ ಮೇಲೆ ಡೈರೆಕ್ಟ್ ಮಾನಿಟರ್ ಗುಂಡಿ ಇದೆ, ಅದು ಲ್ಯಾಪ್‌ಟಾಪಿನೊಳಗೆ ಹೋಗದೆ ನೇರ ಕೇಳಿಸುತ್ತದೆ. ಬಫರ್ 1,024 ಇಡು, ನೆಮ್ಮದಿಯಾಗಿರು. ವೈಫೈ, ಬ್ಲೂಟೂತ್ ಆಫ್ ಮಾಡು, ಬ್ರೌಸರ್ ಮುಚ್ಚು, ವಿದ್ಯುತ್ ಉಳಿಸುವ ಸ್ಥಿತಿಯಿಂದ ಲ್ಯಾಪ್‌ಟಾಪನ್ನು ಹೊರಗೆ ತಾ. ರಿಯಲ್ ಟೈಮ್ ಕರ್ನಲ್ ಹಾಕಲೇ ಅಂತ ನೀನು ಕೇಳಿದ್ದೆ. ಸುಮಾರು ಇಪ್ಪತ್ತು ವರ್ಷ ಹೊರಗಿದ್ದ ಆ ಕೆಲಸ 2024ರ 6.12 ಕರ್ನಲ್ಲಿನೊಂದಿಗೆ ಮೂಲಕ್ಕೇ ಸೇರಿತು. ದೊಡ್ಡ ಸಾಧನೆಯೇ. ಹೊಂಗನೂರಿನ ನಿನ್ನ ಕೋಣೆಗೆ ಅದರ ಅಗತ್ಯವಿಲ್ಲ.

ಇನ್ನು ಗುಂಯ್ ಅನ್ನುವ ಸದ್ದು. ನಮ್ಮ ಸೀಮೆಯಲ್ಲಿ ದನಿ ಕೆಡಿಸುವುದರಲ್ಲಿ ಲಿನಕ್ಸಿನ ಪಾಲಿಗಿಂತ ಕರೆಂಟಿನ ಪಾಲು ದೊಡ್ಡದು. ಚನ್ನಪಟ್ಟಣದ ಸುತ್ತ ಬೊಂಬೆ ಕಡೆಯುವ ಲೇತ್ ಇವೆ, ರಾಮನಗರದ ಕಡೆ ರೇಷ್ಮೆ ನೂಲು ತೆಗೆಯುವ ಯಂತ್ರಗಳಿವೆ, ತೋಟತೋಟಕ್ಕೂ ಪಂಪ್‌ಸೆಟ್ ಇದೆ. ಒಂದೇ ಲೈನಿನಲ್ಲಿ ಇವು ಹತ್ತಿ ಆರಿದಾಗಲೆಲ್ಲ ನಿನ್ನ ಮುದ್ರಣದಲ್ಲಿ ಟಪ್ ಅಂತ ಒಂದು ಗುರುತು ಬೀಳಬಹುದು. ಅದನ್ನು ಎಕ್ಸ್‌ರನ್ ಅಂದುಕೊಂಡು ಬಫರ್ ತಿರುವುತ್ತಾ ಕೂರಬೇಡ. ಪಿಡಬ್ಲ್ಯು-ಟಾಪ್‌ನಲ್ಲಿ ಸಂಖ್ಯೆ ಏರದೆ ಸದ್ದು ಮಾತ್ರ ಬಿದ್ದರೆ ಅದು ಹೊರಗಿನದು. ಕೆಳದನಿಯಲ್ಲಿ ಬಿಡದೆ ಬರುವ ಗುಂಯ್‌ಗುಡಿಕೆ ಮಾತ್ರ 50 ಹರ್ಟ್ಜ್‌ನ ಕರೆಂಟಿನದು, ಜೊತೆಗೆ 100ರದೂ ಸೇರಿರುತ್ತದೆ.

ಪರೀಕ್ಷೆ ಸುಲಭ. ಲ್ಯಾಪ್‌ಟಾಪಿನ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸು. ಗುಂಯ್ ನಿಂತರೆ ಕಳ್ಳ ಸಿಕ್ಕಿದ. ಸ್ಪೀಕರಿನ ಪ್ಲಗ್ ಒಂದು ಗೋಡೆಯಲ್ಲಿ, ಚಾರ್ಜರ್ ಇನ್ನೊಂದು ಗೋಡೆಯಲ್ಲಿ ಇದ್ದರೆ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬಾಕ್ಸಿಗೆ ತಂದು ನೋಡು. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯದಕ್ಕೆ ಅರ್ತಿಂಗ್ ತಂತಿಯೇ ಇರುವುದಿಲ್ಲ. ಲ್ಯಾಪ್‌ಟಾಪಿನ ತಗಡಿನ ಮೈ ಮುಟ್ಟಿದಾಗ ಬೆರಳು ಜುಮ್ಮೆಂದರೆ, ಪೆಟ್ಟಿಗೆಯನ್ನು ಮುಟ್ಟಿದಾಗ ಗುಂಯ್ ಕಡಿಮೆಯಾದರೆ, ಅನುಮಾನ ಅದರ ಮೇಲೇ ಇರಲಿ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ತಿಂಗ್ ಮಾಡಿಸು. ಗುಂಯ್ ನಿಲ್ಲಲಿ ಅಂತ ಮೂರನೇ ಪಿನ್ನನ್ನು ಮುರಿದು ಹಾಕುವ ಉಪಾಯ ಹೇಳಿಕೊಡುವವರಿದ್ದಾರೆ. ಗುಂಯ್ ನಿಲ್ಲಲೂಬಹುದು. ಆದರೆ ಕಬ್ಬಿಣದ ಮೈಕನ್ನು ತುಟಿಗೆ ತಾಗಿಸಿಕೊಂಡು ಹಾಡುವ ಮನುಷ್ಯನ ಜೀವದ ಕಾವಲನ್ನು ಕಿತ್ತ ಹಾಗಾಗುತ್ತದೆ. ಯಾರೇ ಹೇಳಿದರೂ ಆ ಕೆಲಸ ಮಾಡಕೂಡದು. ಹೊಸ ಬ್ಯಾಟರಿ ಹಾಕಿಸು, ಮುದ್ರಣವನ್ನೆಲ್ಲ ಅದರಲ್ಲೇ ಮಾಡು. ಕರೆಂಟು ಹೋದರೂ ಹಾಡು ನಿಲ್ಲುವುದಿಲ್ಲ, ಅದೂ ಒಂದು ಲಾಭ.

ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸು, ಬದಲಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆ. ಕೇಬಲ್ಲೂ ಪೋರ್ಟೂ ದರವೂ ಒಟ್ಟಿಗೆ ಬದಲಿಸಿದರೆ ಗೆದ್ದರೂ ಕಲಿತಂತಾಗಲಿಲ್ಲ. ಬಲ್ಲವರ ಹತ್ತಿರ ಕೇಳುವಾಗಲೂ ದನಿ ಬರುತ್ತಿಲ್ಲ ಅಂತ ಒಂದೇ ಮಾತು ಹೇಳಿ ಕೂತರೆ ಯಾರೂ ಏನೂ ಹೇಳಲಾರರು. ಪೆಟ್ಟಿಗೆಯ ಹೆಸರು, ಕರ್ನಲ್ಲಿನ ಸಂಖ್ಯೆ, ದಿನಚರಿಯ ಆ ಸಾಲುಗಳು, ದೀಪ ಮಿಣುಕುತ್ತದೋ ಇಲ್ಲವೋ, ಏನೇನು ಮಾಡಿ ನೋಡಿದೆ, ಇವನ್ನು ಹೇಳು. ಹೇಳಲು ಜೋಡಿಸಿಕೊಳ್ಳುವಾಗಲೇ ಎಷ್ಟೋ ಸಲ ಉತ್ತರ ಹೊಳೆದುಬಿಡುತ್ತದೆ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈ ಹುಡುಕಾಟ ನಡೆಯಬೇಕಾದ್ದು ಮುದ್ರಣದ ಹಿಂದಿನ ದಿನ. ನೀಲಗಾರರು ಬಂದು ಕೂತ ಮೇಲಲ್ಲ. ಮಂಟೇಸ್ವಾಮಿಯ ಕಥೆ ಹೇಳುವ ಹಿರಿಯರಿಗೆ ದನಿ ಕಾಯಲು ಹೊತ್ತು ಬೇಕು. ತಂಬೂರಿ ಶ್ರುತಿ ಮಾಡಿ, ಗಗ್ಗರ ದಮ್ಮಡಿ ಹೊಂದಿಸಿಕೊಂಡು, ಆ ಸ್ವಾಮಿಯ ಪಾದಗಳನ್ನು ನೆನೆದು ಎತ್ತಿಕೊಂಡ ಪದವನ್ನು ನೀನು ಒಂದು ನಿಮಿಷ ತಾಳಿ, ದನಿ ಬರುತ್ತಿಲ್ಲ ಅಂತ ನಿಲ್ಲಿಸಿದರೆ, ಎರಡನೇ ಸಲ ಎತ್ತಿಕೊಳ್ಳುವಾಗ ಅದು ಬೇರೆಯೇ ಪದವಾಗಿರುತ್ತದೆ. ಬರೆದಿಟ್ಟ ಪಾಠ ಇದ್ದವರಿಗೆ ಮತ್ತೆ ಮೊದಲಿಂದ ಅನ್ನಬಹುದು. ಇವರು ಆ ಗಳಿಗೆಯಲ್ಲಿ ಕಟ್ಟುತ್ತಾ ಹೋಗುವವರು. ಮೂರನೇ ಸಲ ನಿಲ್ಲಿಸಿದರೆ ಮರ್ಯಾದೆಗೆ ಹಾಡಿ ಎದ್ದುಹೋಗುತ್ತಾರೆ, ನಿನ್ನ ಮೇಲೆ ಬೇಸರ ಮಾಡಿಕೊಳ್ಳದೆಯೇ.

ಎಚ್. ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ಇಲ್ಲೇ ರಾಮನಗರದ ಬಳಿ ನಮ್ಮ ಹೆದ್ದಾರಿಯ ಪಕ್ಕ ಜಾನಪದ ಲೋಕ ಮಾಡಿದರು. ಅಲ್ಲಿರುವ ಧ್ವನಿಮುದ್ರಣಗಳನ್ನು ಒಂದು ದಿನ ಹೋಗಿ ಕೇಳು. ನಿನ್ನ ಪೆಟ್ಟಿಗೆಯಷ್ಟು ನಯವಾದ ಸಲಕರಣೆ ಅವರಿಗಿರಲಿಲ್ಲ. ಟೇಪಿನ ಸುಯ್ ಅನ್ನುವ ಸದ್ದು ಸಿಗಬಹುದು, ಹಿಂದೆ ನಾಯಿ ಬೊಗಳಿದ್ದೂ ಕೇಳಬಹುದು. ಪದ ಮಾತ್ರ ಇದೆ. ನಯವಾದ ದನಿಗೋಸ್ಕರ ಹಾಡುವವರನ್ನು ಕಾಯಿಸುವುದಕ್ಕಿಂತ ಒರಟು ದನಿಯಲ್ಲಿ ಇಡೀ ಪದ ಸಿಗುವುದು ಮೇಲು ಅನ್ನುವುದು ನನ್ನ ಎಣಿಕೆ. ನಿನ್ನ ಓರಗೆಯವರು ಒಪ್ಪುವುದಿಲ್ಲ, ಗೊತ್ತು.

ಆದ್ದರಿಂದ ಹಿಂದಿನ ಸಂಜೆಯೇ ಎಲ್ಲ ಸಿಕ್ಕಿಸಿ ಒಂದು ಗಂಟೆ ಬಿಡದೆ ಮುದ್ರಿಸು. ಐದು ನಿಮಿಷದ ಪರೀಕ್ಷೆ ಸಾಲದು. ಕಾವೇರಿದ ಮೇಲೆ ತಲೆ ಎತ್ತುವ ತೊಂದರೆಗಳಿವೆ, ಅರ್ಧ ಗಂಟೆಯಾದ ಮೇಲೆ ನಿದ್ದೆಗೆ ಜಾರುವ ಲ್ಯಾಪ್‌ಟಾಪುಗಳಿವೆ. ನಿಮ್ಮಜ್ಜಿಯನ್ನು ಕೂರಿಸಿಕೊಂಡು ಸೋಬಾನೆ ಹೇಳಿಸು. ಅಜ್ಜಿ ಜೋರಾಗಿ ಎತ್ತಿದಾಗಲೂ ಮೀಟರು ಋಣ 12 ಡೆಸಿಬೆಲ್ ದಾಟದ ಹಾಗೆ ಗೇನ್ ಇಡು. 24 ಬಿಟ್‌ನಲ್ಲಿ ಅಷ್ಟು ಕೆಳಗೆ ಹಿಡಿದರೆ ಏನೂ ನಷ್ಟವಿಲ್ಲ, ಆಮೇಲೆ ಏರಿಸಬಹುದು. ತಾಳದ ಏಟು ಒಂದು ಸಲ ಮೇಲಂಚಿಗೆ ಬಡಿದು ಒಡೆಯಿತೋ, ಅದನ್ನು ಪೂರ್ತಿ ಸರಿಮಾಡುವ ತಂತ್ರಾಂಶ ಇಲ್ಲ. ಪರೀಕ್ಷೆ ಮುಗಿದ ಮೇಲೆ ಕರ್ನಲ್ ಅಪ್‌ಡೇಟ್ ಮಾಡುವೆ ಅಂತ ಕೂರಬೇಡ. ಹಾಡು ಮುಗಿಯುವವರೆಗೆ ಆ ಯಂತ್ರದಲ್ಲಿ ಏನನ್ನೂ ಬದಲಿಸಕೂಡದು.

ಹಾಡಿನ ದಿನ ಫೋನನ್ನು ಏರೋಪ್ಲೇನ್ ಸ್ಥಿತಿಯಲ್ಲಿಟ್ಟು, ಮೊದಲ ಪದದಿಂದಲೇ ಅದರಲ್ಲೂ ಮುದ್ರಣ ಓಡಿಸು. ಪೆಟ್ಟಿಗೆ ಕೈಕೊಟ್ಟರೆ ಮುಖದಲ್ಲಿ ತೋರಿಸಿಕೊಳ್ಳಬೇಡ, ಅವರು ಹಾಡಲಿ. ದೀಪ ನೋಡು, ದಿನಚರಿ ನೋಡು, ಕೇಬಲ್ ಬದಲಿಸು. ಆಗದಿದ್ದರೆ ಕೈಕಟ್ಟಿ ಕೂತು ಕೇಳು, ಫೋನ್ ಹಿಡಿಯುತ್ತಿದೆ.

ಮುಗಿದ ಮೇಲೆ ಅದೇ ರಾತ್ರಿ ಎರಡು ಕಡೆ ನಕಲು ಮಾಡಿಬಿಡು, ಕಡತದ ಹೆಸರಿನಲ್ಲಿ ತಾರೀಕು, ಊರು, ಪದದ ಹೆಸರು ಇರಲಿ. ಯಾರು ಕೇಳಬಹುದು, ಎಲ್ಲಿ ಹಾಕಬಹುದು ಅಂತ ಹಾಡಿದವರನ್ನೇ ಕೇಳಿ ಒಪ್ಪಿಗೆಯನ್ನೂ ಮುದ್ರಿಸಿಕೋ. ಅವರಿಗೊಂದು ಪೆನ್‌ಡ್ರೈವ್ ಕೊಡು. ನಿನ್ನ ಫ್ಲಾಕ್ ಕಡತ ಅವರ ಮನೆಯ ಟಿವಿಯಲ್ಲಿ ಓಡದೆ ಹೋಗಬಹುದು, ಎಂಪಿ3 ಮಾಡಿ ಕೊಡು. ಕೊಡುವ ಮುಂಚೆ ಆ ಪೆನ್‌ಡ್ರೈವನ್ನು ಬೇರೆ ಯಾರದಾದರೂ ಟಿವಿಗೆ ಹಾಕಿ, ಕೊನೆಯ ಪದದವರೆಗೂ ಓಡುತ್ತದೋ ನೋಡು.